ಹಿಂದಿನವರು ನಿಂತಲ್ಲಿಂದ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯು ಯಕ್ಷಗಾನದ ನೆಲ. ಮೇಳಗಳಲ್ಲಿ ಒಂದು ಹಳೆಯ ಪದ್ಧತಿಯುಂಟು. ಆಗತಾನೆ ಹೆಜ್ಜೆ ಕಲಿಯುತ್ತಿರುವ ಹುಡುಗನು ಪೂರ್ವರಂಗದಲ್ಲಿ ಕೋಡಂಗಿಯಾಗಿಯೋ ಬಾಲಗೋಪಾಲನಾಗಿಯೋ ರಂಗಕ್ಕೆ ಬರುತ್ತಾನೆ. ಪೂರ್ಣ ಕಲಾವಿದನಾಗುವವರೆಗೆ ಅವನನ್ನು ಯಾರೂ ದೂರವಿಡುವುದಿಲ್ಲ. ಹಿರಿಯರೊಡನೆ ಕುಣಿಯುತ್ತಲೇ ಅವನು ಕಲಾವಿದನಾಗುತ್ತಾನೆ.

ವಿದ್ಯೆಯ ರಂಗದಲ್ಲಿ ನಾವು ಈ ವಿವೇಕವನ್ನು ಮರೆತಂತಿದೆ. ಇಂದು ಈ ಸೀಮೆಯ ಅನೇಕ ಯುವಕ ಯುವತಿಯರು ಪದವಿ ತರಗತಿಗಳಲ್ಲಿ ಗಣಕ ವಿಜ್ಞಾನವನ್ನು ಓದುತ್ತಿದ್ದಾರೆ. ಆದರೆ ಸಂಶೋಧನೆಯೆಂಬುದು ದೊಡ್ಡ ಪದವಿಗಳನ್ನು ಪಡೆದ ಅನಂತರದ ಮಾತೆಂಬ ಭಾವನೆ ಬೇರೂರಿದೆ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯು ಎಷ್ಟೋ ಸಲ ಹಿಂದಿನ ವರ್ಷದ ವರದಿಯ ನಕಲಾಗಿಬಿಡುತ್ತದೆ.

ಈ ಭಾವನೆ ಸರಿಯಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 97 ಅವಿಭಾಜ್ಯ ಸಂಖ್ಯೆಯೇ ಎಂದು ತಿಳಿಯಲು ಅದನ್ನು 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು. ಆದರೆ ನೂರಾರು ಅಂಕಿಗಳ ಸಂಖ್ಯೆಯನ್ನು ಹೀಗೆ ಪರೀಕ್ಷಿಸುವುದು ಅತಿವೇಗದ ಗಣಕಯಂತ್ರಕ್ಕೂ ಅಸಾಧ್ಯ. ಎಲ್ಲ ಸಂಖ್ಯೆಗಳಿಗೂ ಒಪ್ಪುವ, ಊಹೆಗೆ ಎಡೆಗೊಡದ ಶೀಘ್ರ ವಿಧಾನವುಂಟೆ? ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಮಣೀಂದ್ರ ಅಗ್ರವಾಲರು ಪದವಿ ವಿದ್ಯಾರ್ಥಿಗಳೊಡನೆ ಈ ಪ್ರಶ್ನೆಯ ಬೆನ್ನು ಹತ್ತಿದರು. 2001ರಲ್ಲಿ ರಜತ್ ಭಟ್ಟಾಚಾರ್ಜಿ, ಪ್ರಶಾಂತ್ ಪಾಂಡೆ ಎಂಬ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿನಲ್ಲಿ ಅದನ್ನು ಕೆಲವು ಹೆಜ್ಜೆ ಮುಂದೊಯ್ದರು. ಮರುವರ್ಷ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅಲ್ಲಿಂದಲೇ ಮುಂದುವರಿದರು. ಪದವಿ ಮುಗಿಸಿದ ಬೆನ್ನಿಗೆ ಗುರುವಿನೊಡನೆ ದುಡಿದು, 2002ರ ಆಗಸ್ಟಿನಲ್ಲಿ ಉತ್ತರವನ್ನು ಲೋಕಕ್ಕೆ ತಿಳಿಸಿದರು. ಗುರುಶಿಷ್ಯರು ಮೂವರಿಗೂ 2006ರಲ್ಲಿ ಗೋಡೆಲ್ ಪ್ರಶಸ್ತಿ ದೊರೆಯಿತು. ಹಿಂದಿನ ವರ್ಷದ ವರದಿ ಇಲ್ಲಿ ನಕಲಿನ ಸಾಮಗ್ರಿಯಾಗಲಿಲ್ಲ. ಮುಂದಿನವರು ಕಾಲೂರುವ ಮೆಟ್ಟಿಲಾಯಿತು.

ಕಾನ್ಪುರದ ಮಾತು ಕುಂದಾಪುರಕ್ಕೆ ಸಲ್ಲುವುದೇ ಎಂದು ಕೆಲವರು ಕೇಳಬಹುದು. ಅಂತಹ ಮಹಾಪ್ರಶ್ನೆಯನ್ನು ಎಲ್ಲರೂ ಬಿಡಿಸಲಾರರು, ನಿಜ. ಆದರೆ ನಮ್ಮ ಸೀಮೆಗೆ ಅದರದೇ ಆದ ಪ್ರಶ್ನೆಗಳಿವೆ. ಗ್ರಂಥಗಳ ಕನ್ನಡದಲ್ಲಿ ಪಳಗಿದ ಯಂತ್ರವು ‘ಹೋಗಬೇಕು’ ಎಂಬುದನ್ನು ಗ್ರಹಿಸಿದರೂ ಕುಂದಗನ್ನಡದ ‘ಹೋಯ್ಕ್’ ಎಂಬ ಮಾತಿಗೆ ತಡವರಿಸಬಹುದು. ಗಂಗೊಳ್ಳಿಯ ಮೀನುಗಾರರ, ಬ್ರಹ್ಮಾವರದ ರೈತರ ಮಾತನ್ನು ಅವರ ಒಪ್ಪಿಗೆಯಿಂದ ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ಯಂತ್ರಕ್ಕೆ ಕಲಿಸುವ ಕೆಲಸಕ್ಕೆ ಆ ಮಾತನ್ನಾಡುತ್ತ ಬೆಳೆದ ವಿದ್ಯಾರ್ಥಿಗಿಂತ ತಕ್ಕವರು ಯಾರು? ಒಂದು ತಂಡ ಧ್ವನಿಯನ್ನು ಸಂಗ್ರಹಿಸಲಿ. ಮುಂದಿನ ತಂಡ ತಪ್ಪುಗಳನ್ನು ತಿದ್ದಲಿ. ಮತ್ತೊಂದು ತಂಡ ಯಂತ್ರವನ್ನು ಪರೀಕ್ಷಿಸಲಿ. ಅಧ್ಯಾಪಕರು ಪ್ರತಿವರ್ಷದ ಕೆಲಸವನ್ನು ಜೋಪಾನಮಾಡಿ ಮುಂದಿನವರಿಗೆ ಒಪ್ಪಿಸಲಿ. ದುಡಿದವರೆಲ್ಲರ ಹೆಸರುಗಳೂ ಅದರಲ್ಲಿ ಉಳಿಯಲಿ.

ಕೆಲವೇ ವರ್ಷಗಳಲ್ಲಿ ನೀವೂ ಕಾಲೇಜನ್ನು ಸೇರುವಿರಿ. ಹಿಂದಿನವರ ವರದಿ ಕೈಗೆ ಬಂದಾಗ ಅದರ ಕೊನೆಯ ಪುಟವನ್ನು ಗಮನವಿಟ್ಟು ಓದಿರಿ. ಅವರು ಎಲ್ಲಿ ನಿಂತರೋ ಅಲ್ಲಿಂದ ನಿಮ್ಮ ಕೆಲಸ ಆರಂಭವಾಗುತ್ತದೆ.