ಗುರಿ ರಕ್ತದಾಗ ಇರಂಗಿಲ್ಲ ನೋಡ್ರಿ

ಕಳೆದ ವಾರ ಬ್ಲಾಗಿಗ ಗೆಳೆಯರೊಬ್ಬರು ನಮ್ಮ ಸುರಪುರದ ಬಗ್ಗೆ ಒಂದು ಪೋಸ್ಟ್ ಹಾಕಿದ್ದರು. ಫೋಟೋಗಳು ಚೆನ್ನಾಗಿದ್ದವು, ಬರವಣಿಗೆಯೂ ಚೆನ್ನಾಗಿತ್ತು. ಕೊನೆಯಲ್ಲಿ ಮಾತ್ರ, ಈ ಮಣ್ಣಿನ ಮಕ್ಕಳಿಗೆ ಗುರಿ ಅನ್ನೋದು ರಕ್ತದಲ್ಲೇ ಇದೆ ಅಂತ ಬರೆದು ಮುಗಿಸಿದ್ದರು. ಕೆಳಗೆ ಸಾಲು ಸಾಲು ಕಾಮೆಂಟುಗಳು. "ಸೂಪರ್ ಸಾರ್", "ಗಂಡುಮೆಟ್ಟಿದ ನಾಡು", "ಮೈ ಜುಮ್ ಅಂತು". ನಾನೂ ಅಲ್ಲೇ ಒಂದು ಕಾಮೆಂಟು ಹಾಕೋಣ ಅಂತ ಕೂತೆ. ಅದು ಬೆಳೀತಾ ಬೆಳೀತಾ ಇಷ್ಟುದ್ದ ಆಯ್ತು. ಹಾಗಾಗಿ ಇಲ್ಲಿ ಬರೀತಿದೀನಿ.

ಮೊದಲೇ ಹೇಳಿಬಿಡ್ತೀನಿ, ನಾನೂ ಬೇಡರ ಪೈಕಿಯವನೇ. ಆದ್ದರಿಂದ ಹೊಟ್ಟೆಕಿಚ್ಚಿನಿಂದ ಬರೆದಿದಾನೆ ಅಂತ ಯಾರೂ ಅನ್ನಬೇಡಿ. ಇರೋದು ಭೀಮರಾಯನಗುಡಿಯಲ್ಲಿ. ಶಹಾಪುರದ ಪಕ್ಕ, ಕೃಷ್ಣಾ ಮೇಲ್ದಂಡೆ ಯೋಜನೆಯ ಜೊತೆ ಬೆಳೆದ ಕ್ಯಾಂಪು. ಬಸ್ಸಿನವರ ಬಾಯಲ್ಲಿ ಬಿ.ಗುಡಿ.

ನನ್ನ ಅಕ್ಕನ ಮಗಳು ಪಿಯುಸಿ ಓದ್ತಿದಾಳೆ. ಎನ್‌ಸಿಸಿ ಕ್ಯಾಂಪಿನಲ್ಲಿ ಮೊದಲ ಸಲ ಪಾಯಿಂಟ್ ಟೂ ಟೂ ರೈಫಲ್ ಹಿಡಿದಳು. ಸಿಕ್ಕಿದ್ದು ಐದೇ ಗುಂಡು. ಐದೂ ಮಾರಿ ಬಿಸ್ಕತ್ತಿನಷ್ಟು ಜಾಗದಲ್ಲಿ ಬಿದ್ದವು. ಆಮೇಲೆ ಎರಡು ವರ್ಷ ಏರ್ ರೈಫಲ್‌ನಲ್ಲಿ ೧೦ ಮೀಟರ್ ಅಭ್ಯಾಸ. ಈ ವರ್ಷ ಮೊದಲ ಸಲ ೫೦ ಮೀಟರ್ ಸ್ಪರ್ಧೆಗೆ ತಯಾರಾಗ್ತಿದಾಳೆ. ಲಾಂಗ್ ರೇಂಜ್ ಅಂದರೆ ಹೊರದೇಶದವರು ನಕ್ಕಾರು. ಇಂಗ್ಲೆಂಡಿನ ಬಿಸ್ಲಿಯಲ್ಲಿ ೧೦೦೦ ಗಜ ದೂರಕ್ಕೆ ಹೊಡೀತಾರೆ. ಆದರೆ ಮನೆ ಪಡಸಾಲೆಯಿಂದ ಹಿತ್ತಿಲ ಗೋಡೆಗೆ ಗುರಿ ಇಟ್ಟು ಕಲಿತ ಹುಡುಗಿಗೆ ೫೦ ಮೀಟರೇ ಲಾಂಗ್ ರೇಂಜ್.

ಅದೆಷ್ಟು ಲಾಂಗು ಅಂತ ಸ್ವಲ್ಪ ಲೆಕ್ಕ ನೋಡಿ. ೫೦ ಮೀಟರ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ೧೦.೪ ಮಿಲಿಮೀಟರ್. ಗುಂಡಿನ ಅಡ್ಡಳತೆ ೫.೬. ತ್ರೀ ಪೊಸಿಷನ್ ಅಂದರೆ ಮಂಡಿಯೂರಿ ೨೦, ಮಲಗಿ ೨೦, ನಿಂತು ೨೦, ಒಟ್ಟು ೬೦ ಗುಂಡು. ಮಧ್ಯೆ ಗಾಳಿ ಬೇರೆ. ಅದಕ್ಕೇ ರೇಂಜಿನಲ್ಲಿ ಸಣ್ಣ ಸಣ್ಣ ಬಾವುಟ ನೆಟ್ಟಿರ್ತಾರೆ. ಬಾವುಟ ನೋಡಿ ಒಂದೋ ಗಾಳಿ ನಿಲ್ಲೋವರೆಗೆ ಕಾಯಬೇಕು, ಇಲ್ಲವೇ ಸೈಟು ತಿರುಗಿಸಬೇಕು. ಬಿಸಿಲು ಏರಿದರೆ ನೆಲದಿಂದ ಝಳ ಎದ್ದು ಗುರಿಯೇ ಕುಣಿಯುತ್ತೆ. ಅದನ್ನ ಮಿರಾಜ್ ಅಂತಾರೆ. ನಾವು ಬಿಸಿಲ್ಗುದುರೆ ಅಂತೀವಿ. ಅನುಭವಸ್ಥರು ಅದು ಓಡೋ ದಿಕ್ಕು ನೋಡಿಯೇ ಗಾಳಿ ಯಾವ ಕಡೆಗಿದೆ ಅಂತ ಹೇಳ್ತಾರೆ. ಈ ಕುದುರೆ ಮಾತ್ರ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುತ್ತೆ :-)

ಈಗ ನಮ್ಮ ಹುಡುಗಿಯ ತಯಾರಿ ಕೇಳಿ. ಬೆಳಿಗ್ಗೆ ಐದೂವರೆಗೆ ಎದ್ದು ಖಾಲಿ ರೈಫಲ್ ಹಿಡಿದು ಟ್ರಿಗರ್ ಒತ್ತೋ ಅಭ್ಯಾಸ. ನಳಿಗೆಯ ಮೇಲೆ ಒಂದು ನಾಣ್ಯ ಇಟ್ಟಿರ್ತೀನಿ. ಟ್ರಿಗರ್ ಬಿದ್ದಾಗ ನಾಣ್ಯ ಬೀಳಬಾರದು. ಆಮೇಲೆ ಚಾಪೆ ಮೇಲೆ ಮಲಗಿ, ಗುರಿ ಹಿಡಿದು, ಕಣ್ಣು ಮುಚ್ಚಿ, ಮೈ ಸಡಿಲ ಬಿಡೋದು. ಕಣ್ಣು ತೆರೆದಾಗ ಸೈಟು ಗುರಿಯಿಂದ ಸರಿದಿದ್ದರೆ ಕೈಯಿಂದ ಎಳೆದು ತರೋ ಹಾಗಿಲ್ಲ. ಇಡೀ ಮೈಯನ್ನೇ ಸರಿಸಿ ಮತ್ತೆ ಮೊದಲಿಂದ. ಸಂಜೆ ಕಾಲುವೆ ದಂಡೆಗೆ ಹೋಗಿ ನಾಲ್ಕು ಕೋಲು ನೆಟ್ಟು, ಹಳೆ ಸೀರೆಯ ಪಟ್ಟಿ ಕಟ್ಟಿ, ಗಾಳಿ ಓದೋದು. ಅಲ್ಲಿ ಬಂದೂಕಿಲ್ಲ, ಗುಂಡಿಲ್ಲ. ಬರೀ ನೋಟ್‌ಬುಕ್ಕು. "ಮಾಮಾ, ಈಗ ಎಡಕ್ಕ ತಿರಗ್ತು, ಬರಕೋ" ಅಂತಾಳೆ, ನಾನು ಬರಕೊಳ್ತೀನಿ.

ನಿಜವಾದ ೫೦ ಮೀಟರ್‌ನಲ್ಲಿ ನಿಜವಾದ ಗುಂಡು ಹಾರಿಸಬೇಕು ಅಂದರೆ? ಪಾಯಿಂಟ್ ಟೂ ಟೂ ರೈಫಲ್‌ಗೆ ೧೯೫೯ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಪಂದ್ಯಕ್ಕೆ ಬಳಸೋ ಒಳ್ಳೇ ಗುಂಡು ಹೆಚ್ಚಾಗಿ ಹೊರದೇಶದಿಂದಲೇ ಬರಬೇಕು. ಕಲಿಯೋ ಮಕ್ಕಳು ಕ್ಲಬ್ಬಿನ ರೈಫಲ್ಲನ್ನ ಕ್ಲಬ್ಬಿನ ರೇಂಜಿನಲ್ಲೇ ಹಾರಿಸಬೇಕು. ಇದೆಲ್ಲ ಸರಿ, ಇರಬೇಕಾದ್ದೇ. ಆದರೆ ನಮಗೆ ಆ ರೇಂಜು ಸಿಕ್ಕಿದ್ದು ಬೆಂಗಳೂರಿನಲ್ಲಿ. ಗುರಿ ೫೦ ಮೀಟರ್ ದೂರ, ಗುರಿ ಇಡೋ ಜಾಗ ಸುಮಾರು ೫೦೦ ಕಿಲೋಮೀಟರ್ ದೂರ! ಇಲ್ಲೀವರೆಗೆ ನಾಲ್ಕು ಸಲ ಹೋಗಿ ಬಂದಿದೀವಿ. ಯಾದಗಿರಿಯಿಂದ ರಾತ್ರಿ ರೈಲು, ಬೆಳಿಗ್ಗೆ ಇಳಿದು ಮುಖ ತೊಳೆದು ನೇರ ರೇಂಜಿಗೆ, ರಾತ್ರಿ ಮತ್ತೆ ರೈಲು. ನಾಲ್ಕು ಸಲಕ್ಕೆ ಒಟ್ಟು ೨೪೦ ಗುಂಡು. ಅಲ್ಲೇ ಮನೆ ಇರೋ ಮಕ್ಕಳಿಗೆ ಅದು ಒಂದು ವಾರದ ಲೆಕ್ಕ.

ಈ ತಯಾರಿಗೆ ಒಂದು ಸಣ್ಣ ಸಹಾಯ ಕೇಳೋಕೆ ಒಂದು ಕಚೇರಿಗೆ ಹೋಗಿದ್ದೆ. ಹೆಸರು ಬೇಡ. ಕೇಳಿದ್ದು ಇಷ್ಟೇ, ಯಾವುದಾದರೂ ಖಾಲಿ ಹಾಲ್ ವಾರಕ್ಕೆ ಎರಡು ದಿನ ಕೊಡಿ, ಏರ್ ರೈಫಲ್ ಕಲಿಯೋ ಆಸೆ ಇರೋ ಇನ್ನೂ ನಾಲ್ಕಾರು ಮಕ್ಕಳಿದಾರೆ ಅಂತ. ಸಾಹೇಬರು ಚಹಾ ತರಿಸಿದರು, ಪ್ರೀತಿಯಿಂದಲೇ ಮಾತಾಡಿಸಿದರು. "ನಿಮ್ಮ ಮಂದಿಗೆ ಟ್ರೇನಿಂಗ್ ಯಾಕ ಬೇಕ್ರಿ, ನಿಮ್ಮ ರಕ್ತದಾಗೇ ಐತಲ್ಲ!" ಅಂದು ನಕ್ಕರು. ಹಾಲ್ ಸಿಗಲಿಲ್ಲ. ಬೈದಿದ್ದರೆ ವಾಪಸ್ ಏನಾದರೂ ಹೇಳಬಹುದಿತ್ತು, ಹೊಗಳಿದರೆ ಏನು ಹೇಳೋದು? ಹೊಗಳಿಕೆ ಕೊಟ್ಟು ಕಳಿಸಿದರೆ ಹಾಲ್ ಕೊಡೋದು ತಪ್ಪುತ್ತೆ. ಗೆಳೆಯರ ಪೋಸ್ಟ್ ಓದಿ ನನಗೆ ಉರಿದದ್ದು ಇದಕ್ಕೇ.

ರಕ್ತದ ವಿಷಯಕ್ಕೇ ಬರೋಣ. ಮಲಗಿ ಗುರಿ ಇಡುವಾಗ ಸ್ಲಿಂಗ್ ಅನ್ನೋ ಪಟ್ಟಿಯನ್ನ ತೋಳಿಗೆ ಬಿಗಿದು ರೈಫಲ್ಲಿಗೆ ಕಟ್ಟಿರ್ತಾರೆ. ತೋಳಿನ ನಾಡಿ ಬಡಿತ ಆ ಪಟ್ಟಿಯಿಂದ ರೈಫಲ್ಲಿಗೆ ಇಳಿಯುತ್ತೆ. ಪ್ರತಿ ಬಡಿತಕ್ಕೂ ಸೈಟು ಹೌದೋ ಅಲ್ಲವೋ ಅನ್ನೋಷ್ಟು ಕುಣಿಯುತ್ತೆ. ಅದನ್ನ ತಪ್ಪಿಸೋಕೆ ದಪ್ಪ ಜಾಕೆಟ್ಟು, ಪಟ್ಟಿ ಬಿಗಿಯೋ ಜಾಗ, ಉಸಿರು ಬಿಟ್ಟ ಮೇಲಿನ ನಾಲ್ಕೈದು ಸೆಕೆಂಡಿನ ಮೌನ, ಇಷ್ಟೆಲ್ಲ ಕಲೀಬೇಕು. ಅಂದರೆ ಈ ಆಟದಲ್ಲಿ ರಕ್ತ ಗುರಿ ಇಡೋದಿಲ್ಲ ಸ್ವಾಮಿ, ಗುರಿ ಕೆಡಿಸುತ್ತೆ!

ಹಾಗಾದರೆ ನಮ್ಮ ಹಿರಿಯರು? ೧೭೦೫ರಲ್ಲಿ ವಾಗಿನಗೇರಿಯ ಕೋಟೆ ಮುಂದೆ ಔರಂಗಜೇಬನ ಸೈನ್ಯವನ್ನ ಹೆಚ್ಚೂಕಮ್ಮಿ ಮೂರು ತಿಂಗಳು ತಡೆದವರು? ಅವರ ಗುರಿ ಸುಳ್ಳಲ್ಲ. ಆದರೆ ಅವರ ಕೈಯಲ್ಲಿ ದಿನಾ ಬಂದೂಕಿತ್ತು, ಮದ್ದಿತ್ತು. ಬೇಟೆ, ಕಾವಲು, ಯುದ್ಧ ಅವರ ಉದ್ಯೋಗ. ದಿನಾ ಮಾಡೋ ಕೆಲಸ ಕೈಗೆ ಬರುತ್ತೆ, ಕಮ್ಮಾರನಿಗೆ ಸುತ್ತಿಗೆ ಬಂದ ಹಾಗೆ. ೧೮೫೭ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು, ಆಯುಧ ಕೊಡೋಲ್ಲ ಅಂದ ಮುಧೋಳ ಸೀಮೆಯ ಹಲಗಲಿಯ ಬೇಡರನ್ನ ಬ್ರಿಟಿಷರು ಹೊಸಕಿ ಹಾಕಿದರು. ೧೮೫೮ರಲ್ಲಿ ರಾಜಾ ವೆಂಕಟಪ್ಪ ನಾಯಕರ ಕಾಲಕ್ಕೆ ಸುರಪುರ ಬಿತ್ತು. ೧೮೭೮ರ ಆಯುಧ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಇಲ್ಲದೆ ಬಂದೂಕು ಮುಟ್ಟೋ ಹಾಗಿಲ್ಲ ಅಂತಾಯ್ತು. ಕೈಯಿಂದ ಬಂದೂಕು ಹೋಗಿ ನೂರೈವತ್ತು ವರ್ಷ ದಾಟಿದೆ. ರಕ್ತ ಅದೇ ಇದೆ. ಗುರಿ ಎಲ್ಲಿದೆ ತೋರಿಸಿ?

ಇನ್ನೊಂದು ಮಾತು. ೧೮೭೧ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಕೆಲವು ಜಾತಿಗಳು ಹುಟ್ಟಿನಿಂದಲೇ ಅಪರಾಧಿಗಳು ಅನ್ನೋದು ಅದರ ಹಿಂದಿನ ನಂಬಿಕೆ. ಗುರಿ ರಕ್ತದಲ್ಲಿದೆ ಅಂತ ಎದೆ ತಟ್ಟಿಕೊಳ್ಳೋವಾಗ ನೆನಪಿರಲಿ, ಅದೇ ತಕ್ಕಡಿಯಲ್ಲಿ ಕಳ್ಳತನವನ್ನೂ ತೂಗಿದ್ದರು. ಒಂದು ಬೇಕು ಇನ್ನೊಂದು ಬೇಡ ಅನ್ನೋಕೆ ಬರೋದಿಲ್ಲ.

ಏಕಲವ್ಯನನ್ನ ಎಳೆದು ತರೋರೂ ಇದಾರೆ. ಗುರು ಇಲ್ಲದೆ ಕಲಿತ ಅಂತಾರೆ. ಮಣ್ಣಿನ ಬೊಂಬೆ ಮುಂದೆ ಅವನು ಎಷ್ಟು ದಿನ ಅಭ್ಯಾಸ ಮಾಡಿದ ಅನ್ನೋದನ್ನ ಯಾರೂ ಹೇಳೋಲ್ಲ. ಆ ಕಥೆ ಹೆಬ್ಬೆರಳಿನಲ್ಲಿ ಮುಗಿಯುತ್ತೆ ಅನ್ನೋದನ್ನೂ ಹೇಳೋಲ್ಲ.

"ಮತ್ತೆ ಕೊಡವರು?" ಅಂತ ಒಬ್ಬರು ಕೇಳಿದರು. ಅವರ ವಿಷಯವೂ ಅಷ್ಟೇ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, ೨೦೧೯ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಬಂದೂಕಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯೋ ಪೈಪೋಟಿ ಊರೂರಲ್ಲಿ ನಡೆಸ್ತಾರೆ. ಮನೆಯಲ್ಲಿ ಬಂದೂಕು, ಊರಲ್ಲಿ ಪಂದ್ಯ. ಗುರಿ ಬೆಳೆಯೋದು ಹಾಗೆ. ನಾನು ಆ ವಿನಾಯಿತಿ ನಮಗೂ ಕೊಡಿ ಅಂತಿಲ್ಲ. ಮನೆಮನೆಗೆ ಬಂದೂಕು ನನಗೆ ಬೇಡವೇ ಬೇಡ. ಊರಿಗೊಂದು ಗುರಿಹಲಗೆ ಬೇಕು ಅಂತಿದೀನಿ.

ಅಭಿನವ್ ಬಿಂದ್ರಾ ೨೦೦೮ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದರು. ಅಪ್ಪ ಅವರಿಗೆ ಮನೆಯಲ್ಲೇ ರೇಂಜು ಕಟ್ಟಿಸಿಕೊಟ್ಟಿದ್ದರು. ಅದು ಶ್ರೀಮಂತರ ಮಾತಾಯ್ತು, ಬಿಡಿ. ನಮ್ಮ ಹೊಳೆಯ ಮೇಲ್ಗಡೆಯೇ ಇರೋ ಕೊಲ್ಹಾಪುರ ನೋಡಿ. ೨೦೧೦ರಲ್ಲಿ ಮ್ಯೂನಿಕ್‌ನಲ್ಲಿ ೫೦ ಮೀಟರ್ ಪ್ರೋನ್ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಕೊಲ್ಹಾಪುರದವರು. ೨೦೨೪ರ ಆಗಸ್ಟ್ ೧ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ೫೦ ಮೀಟರ್ ತ್ರೀ ಪೊಸಿಷನ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ರಾಧಾನಗರಿ ತಾಲೂಕಿನ ಕಾಂಬಳವಾಡಿ ಅನ್ನೋ ಹಳ್ಳಿಯವರು. ಈ ಸ್ಪರ್ಧೆಯಲ್ಲಿ ಭಾರತಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. ಸ್ವಪ್ನಿಲ್ ೨೦೦೯ರಲ್ಲಿ ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ ಸೇರಿದ ಹುಡುಗ. ಆಮೇಲೆ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಕೆಲಸ. ೨೦೦೯ರಿಂದ ೨೦೨೪, ಹದಿನೈದು ವರ್ಷ. ಸರ್ಕಾರ ಒಂದು ವ್ಯವಸ್ಥೆ ಮಾಡಿತು, ಹುಡುಗ ಬೆವರು ಸುರಿಸಿದ, ಪದಕ ಬಂತು.

ಅಂದಹಾಗೆ ಬಿಸ್ಲಿಯಲ್ಲಿ ಇವತ್ತಿಗೂ "ಕೊಲಾಪುರ್ ಕಪ್" ಅಂತ ಒಂದು ತಂಡ ಸ್ಪರ್ಧೆ ನಡೆಯುತ್ತೆ, ೩೦೦, ೫೦೦, ೬೦೦ ಗಜ ದೂರಕ್ಕೆ. ಕೊಲ್ಹಾಪುರದ ರಾಜರ ಹೆಸರಿನ ಕಪ್ಪು, ಶುರುವಾದದ್ದು ಅದೇ ೧೮೭೧ರಲ್ಲಿ. ರಾಜರು ಕಪ್ಪು ಕೊಟ್ಟಿದ್ದಕ್ಕೆ ಕೊಲ್ಹಾಪುರಕ್ಕೆ ಪದಕ ಬರಲಿಲ್ಲ. ಹಳ್ಳಿ ಹುಡುಗನಿಗೆ ರೈಫಲ್ ಸಿಕ್ಕ ಮೇಲೆ ಬಂತು.

ರಾಧಾನಗರಿ ಅಣೆಕಟ್ಟು ಇರೋದು ಭೋಗಾವತಿ ಮೇಲೆ. ಆ ನೀರು ಪಂಚಗಂಗೆಗೆ ಸೇರಿ, ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರಿ, ಆಲಮಟ್ಟಿ ದಾಟಿ ನಾರಾಯಣಪುರಕ್ಕೆ ಬಂದು, ಎಡದಂಡೆ ಕಾಲುವೆಯಲ್ಲಿ ನಮ್ಮ ಕಡೆಗೆ ಹರಿಯುತ್ತೆ. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದಾಗ, ಈ ಕಪ್ಪು ನೆಲದ ರೈತರ ರಕ್ತದಲ್ಲೇ ಬೆಳೆ ಇದೆ, ನೀರು ಯಾಕೆ ಅಂತ ಯಾರೂ ಕೇಳಲಿಲ್ಲ. ಕಾಲುವೆ ತೋಡಿದರು, ನೀರು ತಂದರು, ಆಮೇಲೆ ಭತ್ತ ಬಂತು. ಗುರಿಗೂ ಅದೇ ದಾರಿ.

ಒಪ್ಪದವರ ಮಾತೂ ಕೇಳಬೇಕಲ್ಲ. ಗುಳೆ ಹೋಗೋ ಜಿಲ್ಲೆಯಲ್ಲಿ ಶೂಟಿಂಗ್ ಶೋಕಿ ಯಾಕೆ ಅಂತಾರೆ. ತೂಕದ ಮಾತೇ. ಆದರೆ ಶಾಲೆಯ ಮಾಸ್ತರರ ಸಂಬಳ ಕಿತ್ತು ರೇಂಜು ಕಟ್ಟಿ ಅಂತ ನಾನು ಹೇಳ್ತಿಲ್ಲ. ೧೦ ಮೀಟರ್ ಏರ್ ರೈಫಲ್‌ಗೆ ಬೇಕಾಗೋದು ಒಂದು ಉದ್ದನೆಯ ಹಾಲ್, ಒಳ್ಳೇ ಬೆಳಕು, ಗುಂಡು ತಡೆಯೋ ಪೆಟ್ಟಿಗೆ, ಎರಡು ರೈಫಲ್ಲು, ವಾರಕ್ಕೆರಡು ದಿನ ಬರೋ ಒಬ್ಬ ಕೋಚು. ೨೦ ಜೂಲ್‌ ಒಳಗಿನ, ೪.೫ ಮಿಲಿಮೀಟರ್ ಏರ್ ರೈಫಲ್‌ಗೆ ಲೈಸೆನ್ಸ್ ಕೂಡ ಬೇಕಿಲ್ಲ. ೫೦ ಮೀಟರ್‌ಗೆ ಜಿಲ್ಲೆಗೊಂದು ಸಾಕು. ಪೊಲೀಸರು, ಎನ್‌ಸಿಸಿಯವರು ಗುಂಡು ಹಾರಿಸೋ ಜಾಗವನ್ನ ವಾರದಲ್ಲೊಂದು ದಿನ ಅವರದೇ ಕಣ್ಗಾವಲಲ್ಲಿ ಮಕ್ಕಳಿಗೆ ಬಿಟ್ಟರೂ ಆದೀತು. ೨೦೦೯ರಲ್ಲಿ ಜಿಲ್ಲೆ ಆಯ್ತು, ೩೭೧ (ಜೆ) ಬಂತು, ೨೦೧೯ರಲ್ಲಿ ಕಲ್ಯಾಣ ಅಂತ ಹೆಸರೂ ಬಂತು. ಒಂದು ಹಾಲ್ ಬರಬಾರದೇ?

ಬಂದೂಕು ಕೊಟ್ಟರೆ ಗಲಾಟೆ ಹೆಚ್ಚುತ್ತೆ ಅನ್ನೋರು ಒಂದು ದಿನ ರೇಂಜಿಗೆ ಬಂದು ನೋಡಿ. ರೈಫಲ್ ಬೀಗದಲ್ಲಿರುತ್ತೆ, ಗುಂಡು ಎಣಿಸಿ ಕೊಡ್ತಾರೆ, ಅಪ್ಪಣೆ ಇಲ್ಲದೆ ಯಾರೂ ಮುಟ್ಟೋ ಹಾಗಿಲ್ಲ. ನಮ್ಮ ಹುಡುಗಿ ಮೊದಲು ಕಲಿತದ್ದು ನಳಿಗೆಯನ್ನ ಯಾವತ್ತೂ ಮನುಷ್ಯರ ಕಡೆ ತಿರುಗಿಸಬಾರದು ಅಂತ. ಮಕ್ಕಳಿಗೆ ಇದಕ್ಕಿಂತ ಒಳ್ಳೇ ಪಾಠ ಯಾವುದಿದೆ?

ಕೊನೆಯದಾಗಿ, ಹೇಳಲೇಬೇಕಾದ್ದು. ನಮ್ಮ ಹುಡುಗಿಯ ಜೊತೆ ಅವಳ ಗೆಳತಿಯೂ ಅದೇ ರೈಫಲ್ಲಿನಲ್ಲಿ ಅಭ್ಯಾಸ ಮಾಡ್ತಾಳೆ. ಅಪ್ಪ ಹೊಲಿಗೆ ಕೆಲಸ ಮಾಡೋರು. ಬೇಡರಲ್ಲ. ೧೦ ಮೀಟರ್‌ನಲ್ಲಿ ಅವಳ ಗ್ರೂಪಿಂಗ್ ನಮ್ಮವಳಿಗಿಂತ ಚೆನ್ನಾಗಿದೆ. ನಮ್ಮವಳೇ ಒಪ್ಪಿಕೊಳ್ತಾಳೆ, "ಮಾಮಾ, ಆಕೀ ಕೈ ಅಲಗೂದೇ ಇಲ್ಲ." ಆದರೆ ಅವಳು ಒಂದು ಸಲವೂ ಬೆಂಗಳೂರಿಗೆ ಬಂದಿಲ್ಲ. ರೈಲಿನ ಖರ್ಚು, ಗುಂಡಿನ ಖರ್ಚು, ಮನೆಯಲ್ಲಿ ಒಪ್ಪಿಗೆ, ಮೂರೂ ಇಲ್ಲ. ಸ್ಪರ್ಧೆಗೆ ನಮ್ಮವಳೊಬ್ಬಳೇ ಹೋಗ್ತಾಳೆ. ನಮ್ಮವಳು ನಾಲ್ಕು ಅಂಕ ಚೆನ್ನಾಗಿ ಹೊಡೆದರೆ ನೀವು ಮತ್ತೆ "ರಕ್ತ" ಅಂತ ಬರೀತೀರಿ. ಆ ಹುಡುಗಿಯ ಕೈ ಯಾರ ಲೆಕ್ಕಕ್ಕೂ ಬರೋದಿಲ್ಲ.

ಅದಕ್ಕೇ ಗೆಳೆಯರೇ, ಸುರಪುರದ ಕೋಟೆ ಬಗ್ಗೆ ಬರೀರಿ, ವೆಂಕಟಪ್ಪ ನಾಯಕರ ಬಗ್ಗೆ ಬರೀರಿ, ನಾನೂ ಓದ್ತೀನಿ. ಆದರೆ ಗುರಿಯ ಮಾತು ಬಂದಾಗ ಅಲ್ಲಿಗೇ ನಿಲ್ಲಿಸಬೇಡಿ. "ಇವರಿಗೆ ರೇಂಜು ಎಲ್ಲಿದೆ?" ಅಂತ ಇನ್ನೊಂದು ಸಾಲು ಸೇರಿಸಿ. ಹತ್ತು ಬ್ಲಾಗುಗಳಲ್ಲಿ ಆ ಸಾಲು ಬಂದರೆ ಮುಂದಿನ ಸಲ ಯಾವ ಸಾಹೇಬರೂ ಬರೀ ಚಹಾ ಕೊಟ್ಟು ಕಳಿಸೋಕಾಗಲ್ಲ.

ನೀವೇನಂತೀರಿ? ಬೈಯೋದಿದ್ದರೂ ಬೈಯಿರಿ. "ಸೂಪರ್ ಸಾರ್" ಮಾತ್ರ ಬೇಡ.