ವಾಕಿಟಾಕಿ: 158ರಲ್ಲಿ ಆರು ಮಾತ್ರ

ಆನ್‌ಲೈನ್‌ನಲ್ಲಿ ನಿಯಮ ಮೀರಿ ವಾಕಿಟಾಕಿ ಮಾರಾಟಕ್ಕೆ ಅವಕಾಶ ಕೊಟ್ಟ ಎಂಟು ಸಂಸ್ಥೆಗಳಿಗೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2026ರ ಜನವರಿಯಲ್ಲಿ ಒಟ್ಟು 44 ಲಕ್ಷ ರೂಪಾಯಿ ದಂಡ ವಿಧಿಸಿತು. ದಂಡ ಹಾಕಿದ್ದು ಸರಿ. ಆದರೆ ಇದರಿಂದ ರೇಡಿಯೊ ತರಂಗಗಳ ದಾರಿ ಶುಚಿಯಾಯಿತು ಎಂದು ಯಾರಾದರೂ ನಂಬಿದ್ದರೆ ಅದು ಭ್ರಮೆ. ಪಹಲ್ಗಾಮ್ ದಾಳಿಯ ಬೆನ್ನಿಗೆ, 2025ರ ಮೇ ತಿಂಗಳಲ್ಲಿ, 13 ಮಾರಾಟ ತಾಣಗಳಿಗೆ ನೋಟಿಸ್ ಹೋದಾಗ ನಮ್ಮ ಧಾರವಾಡದ ಸಂಸದರೂ ಆಗಿರುವ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರೇ ಅದನ್ನು ಪ್ರಕಟಿಸಿದ್ದರು. ಆ ತಿಂಗಳು ಮುಗಿಯುವಷ್ಟರಲ್ಲಿ ಇಂಥ ಆನ್‌ಲೈನ್ ಮಾರಾಟ ತಡೆಯುವ ಮಾರ್ಗಸೂಚಿಯೂ ಬಂತು. ನಿಯಮ ಮೀರಿದ 16,970 ಸರಕಿನ ಪಟ್ಟಿಗಳು ಸಿಕ್ಕಿವೆ ಎಂದು ಪ್ರಾಧಿಕಾರವೇ ಹೇಳಿದೆ. ಸ್ಥೂಲವಾಗಿ ಭಾಗಿಸಿ ನೋಡಿದರೆ ಒಂದು ಪಟ್ಟಿಗೆ 260 ರೂಪಾಯಿಯೂ ಬೀಳುವುದಿಲ್ಲ. ಅಷ್ಟು ದಂಡಕ್ಕೆ ವ್ಯಾಪಾರಿ ಹೆದರುತ್ತಾನೆಯೇ ಎಂಬುದು ಬೇರೆ ಚರ್ಚೆ. ಇಡೀ ಪ್ರಕರಣದಲ್ಲಿ ಮಾತನಾಡಿದವರೆಲ್ಲ ಪೆಟ್ಟಿಗೆಯ ಬಗ್ಗೆಯೇ ಮಾತನಾಡಿದರು, ಅದರ ಗುಂಡಿ ಒತ್ತುವವನ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ ಎಂಬುದು ನನ್ನ ತಕರಾರು.

ಎಲ್ಲರೂ ದಾಟಿಹೋದ ಒಂದು ಅಂಕಿ ಇದೆ. ಜಗತ್ತಿನಾದ್ಯಂತ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಕೈಯಲ್ಲೂ ಹ್ಯಾಮ್ ಅಲ್ಲದವರ ಕೈಯಲ್ಲೂ ಓಡಾಡುವ ಅಗ್ಗದ ಸೆಟ್ಟೆಂದರೆ ಚೀನಾದ ಬಾವೊಫೆಂಗ್ ಯುವಿ-5ಆರ್. ಅಂಗೈಯಲ್ಲಿ ಹಿಡಿಸುತ್ತದೆ, ಶಕ್ತಿ ಸುಮಾರು 5 ವಾಟ್. ಅದರ ಸಾಮಾನ್ಯ ಮಾದರಿಯೊಂದು 136ರಿಂದ 174 ಮೆಗಾಹರ್ಟ್ಜ್ ಮತ್ತು 400ರಿಂದ 520 ಮೆಗಾಹರ್ಟ್ಜ್‌ವರೆಗೆ ಪ್ರಸಾರ ಮಾಡಬಲ್ಲದು. ಕೂಡಿದರೆ 158 ಮೆಗಾಹರ್ಟ್ಜ್. ಇದರೊಳಗೆ ಭಾರತದ ಹವ್ಯಾಸಿ ರೇಡಿಯೊ ಪರವಾನಗಿದಾರನಿಗೆ ಸೇರಿದ್ದು 144ರಿಂದ 146, ಆಮೇಲೆ 434ರಿಂದ 438. ಅಂದರೆ ಒಟ್ಟು ಆರು. ನೂರಕ್ಕೆ ನಾಲ್ಕೂ ಇಲ್ಲ. ಪರವಾನಗಿ ಬೇಡವೆಂದು 2018ರ ನಿಯಮ ಬಿಟ್ಟುಕೊಟ್ಟಿರುವ 446.0ರಿಂದ 446.2ರ ಪಟ್ಟಿ ಇನ್ನೂ ಚಿಕ್ಕದು, ಒಂದು ಮೆಗಾಹರ್ಟ್ಜ್‌ನ ಐದನೇ ಒಂದು ಭಾಗ. ಮಿಕ್ಕದ್ದೆಲ್ಲ ಬೇರೆಯವರ ಜಾಗ. ಪೊಲೀಸರು, ಹಡಗುಗಳು, ಖಾಸಗಿ ಭದ್ರತಾ ಜಾಲಗಳು, ಸರ್ಕಾರದ ನಾನಾ ಇಲಾಖೆಗಳು ಅಲ್ಲಿವೆ. ಸೆಟ್ಟಿಗೆ ಇದು ಯಾವುದೂ ಗೊತ್ತಿಲ್ಲ. ಕೀಲಿಮಣೆಯಲ್ಲಿ ಆರು ಅಂಕಿ ಒತ್ತಿದರೆ ಅದು ಅಲ್ಲಿಗೆ ಹೋಗಿ ನಿಲ್ಲುತ್ತದೆ. 1-4-5-5-0-0 ಒತ್ತಿದರೆ ಹ್ಯಾಮ್‌ಗಳ ಅಂಗಳ. 1-5-6-8-0-0 ಒತ್ತಿದರೆ ಕಡಲಿನವರು ಅಪಾಯದ ಕರೆಗೆಂದು ಮೀಸಲಿಟ್ಟಿರುವ 16ನೇ ಚಾನೆಲ್. ಎರಡಕ್ಕೂ ಬೆರಳಿಗೆ ಆಗುವ ಶ್ರಮ ಒಂದೇ.

ಈ 16ನೇ ಚಾನೆಲ್ ಅನ್ನೇ ಹತ್ತಿರದಿಂದ ನೋಡೋಣ. ಅಪಾಯವನ್ನು ನಾವು ತಪ್ಪು ಕಡೆ ಹುಡುಕುತ್ತಿದ್ದೇವೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಎಫ್‌ಎಂ ಪದ್ಧತಿಯಲ್ಲಿ ಒಂದೇ ಫ್ರೀಕ್ವೆನ್ಸಿಗೆ ಎರಡು ಸಂಕೇತ ಬಂದರೆ ಎರಡೂ ಕಲಸಿಕೊಂಡು ಕೇಳಿಸುವುದಿಲ್ಲ. ಬಲವಾದದ್ದು ಮಾತ್ರ ಸ್ಪೀಕರಿಗೆ ಬರುತ್ತದೆ, ಸೋತದ್ದು ಇತ್ತೆಂಬ ಸುಳಿವೂ ಸಿಗುವುದಿಲ್ಲ. (ವಿಮಾನಗಳು ಇಂದಿಗೂ ಹಳೆಯ ಎಎಂ ಪದ್ಧತಿಯನ್ನೇ ಹಿಡಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ, ಅಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಕಿರ್ರೆನ್ನುವ ಸದ್ದಾದರೂ ಎಚ್ಚರಿಸುತ್ತದೆ.) ಮಲ್ಪೆ ಬಂದರಿನಲ್ಲಿ ಕಿವಿಗೊಟ್ಟು ಕೂತವನಿಂದ 25 ಕಿಲೋಮೀಟರ್ ದೂರದಲ್ಲಿ ಒಂದು ಬೋಟ್ ಇದೆ, ಅದರ ಸೆಟ್ಟಿನ ಶಕ್ತಿ 25 ವಾಟ್ ಎಂದಿಟ್ಟುಕೊಳ್ಳಿ. ಒಂದೇ ಕಿಲೋಮೀಟರ್ ದೂರದಲ್ಲಿ ದಡದ ಮೇಲೆ ಇನ್ನೊಬ್ಬ 5 ವಾಟ್‌ನ ಕೈಸೆಟ್ಟಿನಲ್ಲಿ ಅದೇ ಚಾನೆಲ್‌ನಲ್ಲಿ ಹರಟುತ್ತಿದ್ದಾನೆ. ದೂರ ಇಪ್ಪತ್ತೈದು ಪಟ್ಟಾದರೆ ಸಂಕೇತದ ಬಲ 625ನೇ ಒಂದು ಪಾಲಿಗೆ ಇಳಿಯುತ್ತದೆ. ಬೋಟಿನ ಹೆಚ್ಚುವರಿ ಶಕ್ತಿಯಾದರೋ ಐದು ಪಟ್ಟು ಮಾತ್ರ. ಕೊನೆಗೆ ಹರಟೆಯೇ 125 ಪಟ್ಟು ಬಲವಾಗಿ ಬಂದರಿನ ಕಿವಿ ತುಂಬುತ್ತದೆ, ಬೋಟಿನ ಕೂಗು ಅಳಿಸಿಹೋಗುತ್ತದೆ. ಹರಟುವವನು ಭಯೋತ್ಪಾದಕನೇನಲ್ಲ. ಮದುವೆ ಮನೆಯಲ್ಲಿ ವಾಹನ ನಿಲ್ಲಿಸುವ ಹುಡುಗರನ್ನು ಸಂಭಾಳಿಸಲು ಎರಡು ಸೆಟ್ ಕೊಂಡವನು. ಮಾರಿದವನು ಹತ್ತು ಕಿಲೋಮೀಟರ್ ರೇಂಜ್ ಎಂದು ಹೇಳಿದ್ದನೇ ಹೊರತು 156.8 ಯಾರದು ಎಂದು ಹೇಳಲಿಲ್ಲ.

ಹಾಗಿದ್ದರೆ ಪೆಟ್ಟಿಗೆಗೇ ಬೀಗ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಅಮೆರಿಕ ಈ ದಾರಿಯಲ್ಲಿ ನಡೆದು ನೋಡಿದೆ. ಅನುಮತಿಯಿಲ್ಲದ ಕಡೆಯೂ ಪ್ರಸಾರ ಮಾಡುವ ಯುವಿ-5ಆರ್ ಮಾದರಿಯೊಂದನ್ನು ಮಾರಿದ್ದಕ್ಕೆ ಅಲ್ಲಿನ ಸಂವಹನ ನಿಯಂತ್ರಕ ಎಫ್‌ಸಿಸಿ 2018ರ ಆಗಸ್ಟ್‌ನಲ್ಲಿ ಒಂದು ಆಮದು ಸಂಸ್ಥೆಗೆ ಎಚ್ಚರಿಕೆ ಕೊಟ್ಟಿತು, ಮರು ತಿಂಗಳು ಎಲ್ಲ ಮಾರಾಟಗಾರರಿಗೂ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಆಮೇಲೆ ಹ್ಯಾಮ್ ಪಟ್ಟಿಯೊಳಗಷ್ಟೇ ಪ್ರಸಾರ ಮಾಡುವ ಸೆಟ್ಟುಗಳು ಬಂದವು. ಅವುಗಳ ಬೀಗ ತೆಗೆಯುವ ಉಪಾಯಗಳೂ ಹಿಂದೆಯೇ ಬಂದವು. ಸಾಫ್ಟ್‌ವೇರಿನಲ್ಲಿ ಹಾಕಿದ ಬೀಗ ಸಾಫ್ಟ್‌ವೇರಿನಲ್ಲೇ ಬಿಚ್ಚುತ್ತದೆ. ಬೀಗ ಗಟ್ಟಿಯಾಗಿದ್ದರೂ ಯಾವ ದೇಶದ ಲೆಕ್ಕಕ್ಕೆ ಹಾಕುವುದು? ಅಮೆರಿಕದ ಹ್ಯಾಮ್‌ಗೆ 144ರಿಂದ 148ರವರೆಗೆ ಹಕ್ಕಿದೆ. ಅಲ್ಲಿಯ ವಿಡಿಯೊ ನೋಡಿ ಕಲಿತ ಇಲ್ಲಿಯ ಹುಡುಗ 147 ಒತ್ತಿದರೆ ಅಲ್ಲಿ ಸಭ್ಯ, ಇಲ್ಲಿ ಅಪರಾಧಿ. ಈ ವ್ಯತ್ಯಾಸ ಸೆಟ್ಟಿನೊಳಗೆ ಇಲ್ಲ. ಪರೀಕ್ಷೆಗೆ ಕೂತು ಕಲಿತವನ ತಲೆಯಲ್ಲಿದೆ. ಪರವಾನಗಿಯನ್ನು ಯಂತ್ರಕ್ಕಲ್ಲ, ಮನುಷ್ಯನಿಗೆ ಕೊಡುವ ಪದ್ಧತಿ ಹವ್ಯಾಸಿ ರೇಡಿಯೊದಲ್ಲಿ ಮೊದಲಿನಿಂದಲೂ ನಡೆದು ಬಂದಿರುವುದು ಇದೇ ಕಾರಣಕ್ಕೆ. ತಾನೇ ಬೆಸುಗೆ ಹಾಕಿ ಕಟ್ಟಿದ ಟ್ರಾನ್ಸ್‌ಮಿಟರಿನಲ್ಲೂ ಮಾತನಾಡುವ ಹಕ್ಕು ಹ್ಯಾಮ್‌ಗೆ ಇದೆ. ಅವನ ಭರವಸೆ ಯಂತ್ರದ ಮೇಲಿನ ಮುದ್ರೆಯಲ್ಲ, ಅವನನ್ನು ಗುರುತಿಸುವ ಕರೆಸಂಕೇತ.

ನಮ್ಮ ಕಾನೂನು ಮಾತ್ರ ಪೆಟ್ಟಿಗೆಯನ್ನು ಬಿಟ್ಟು ಕದಲುತ್ತಿಲ್ಲ. ಪರವಾನಗಿ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ಅಪರಾಧ ಎಂದದ್ದು 1933ರ ಕಾಯ್ದೆ. ಅದರ ಜಾಗಕ್ಕೆಂದು ರೂಪಿಸಿದ 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣ ಇಟ್ಟುಕೊಳ್ಳಲು ಅನುಮತಿ ಬೇಕೆಂದೇ ಹೇಳುತ್ತದೆ. ತೊಂಬತ್ತು ವರ್ಷದ ಅಂತರದಲ್ಲಿ ಭಾಷೆ ಬದಲಾಯಿತು, ಅನುಮಾನ ಬದಲಾಗಲಿಲ್ಲ. ಇದರ ಫಲ ಹೇಗಿದೆ ನೋಡಿ. 2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಜೊತೆ ಹ್ಯಾಮ್ ರೇಡಿಯೊದಲ್ಲಿ ಮಾತನಾಡಿದರು, ನಾವೆಲ್ಲ ಹೆಮ್ಮೆಪಟ್ಟೆವು. ನಿಲ್ದಾಣದ ಹ್ಯಾಮ್ ಕೇಂದ್ರ ಸಾಮಾನ್ಯವಾಗಿ 145.800 ಮೆಗಾಹರ್ಟ್ಜ್‌ನಲ್ಲಿ ಭೂಮಿಗೆ ಮಾತನಾಡುತ್ತದೆ. ನಿಲ್ದಾಣ ನೆತ್ತಿಯ ಮೇಲೆ ಹಾದುಹೋಗುವಾಗ ಇದೇ ಎರಡು ಮೂರು ಸಾವಿರ ರೂಪಾಯಿಯ ಸೆಟ್ ತನ್ನ ರಬ್ಬರ್ ಆಂಟೆನಾದಲ್ಲೇ ಆ ಧ್ವನಿ ಹಿಡಿಯುತ್ತದೆ. ಆದರೆ ತುಟಿ ಪಿಟಕ್ಕೆನ್ನದೆ ಬರೀ ಕೇಳಿಸಿಕೊಳ್ಳಲೆಂದು ಪರವಾನಗಿ ಇಲ್ಲದ ವಿದ್ಯಾರ್ಥಿ ಅದನ್ನು ಮನೆಯಲ್ಲಿಟ್ಟುಕೊಂಡರೆ, ಕಾನೂನಿನ ಅಕ್ಷರದ ಪ್ರಕಾರ 16ನೇ ಚಾನೆಲ್‌ನಲ್ಲಿ ಹರಟಿದವನ ಸಾಲಿನಲ್ಲೇ ನಿಲ್ಲುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಇಟ್ಟುಕೊಳ್ಳುವುದನ್ನೇ ನಿಯಂತ್ರಿಸುವ ಈ ಚಟವನ್ನು ನಾವು ಹಿಂದೊಮ್ಮೆ ಬಿಟ್ಟಿದ್ದೇವೆ ಎಂಬುದು ಮರೆತುಹೋಗಿದೆ. ವಿವಿಧಭಾರತಿ ಕೇಳುವ ಮಾಮೂಲಿ ರೇಡಿಯೊಗೂ ಅಂಚೆ ಕಚೇರಿಯಲ್ಲಿ ವರ್ಷವರ್ಷ ಶುಲ್ಕ ಕಟ್ಟಿ, ಪುಟ್ಟ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕಿದ್ದ ಕಾಲ ಐವತ್ತು ದಾಟಿದ ಓದುಗರಿಗೆ ನೆನಪಿರಬೇಕು. 1980ರ ದಶಕದ ಮಧ್ಯದಲ್ಲಿ ಅದನ್ನು ಕೈಬಿಡಲಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ರೇಡಿಯೊ ಕೇಳುವುದಕ್ಕೂ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವುದಕ್ಕೂ ಅಜಗಜಾಂತರ ಎಂಬ ಆಕ್ಷೇಪ ಇಲ್ಲಿ ಬರುತ್ತದೆ, ಒಪ್ಪತಕ್ಕ ಮಾತೇ. ಅದಕ್ಕಾಗಿಯೇ ಗೆರೆಯನ್ನು ಪ್ರಸಾರದ ಬಳಿ ಎಳೆಯಬೇಕು, ಕಪಾಟಿನ ಬಳಿ ಅಲ್ಲ ಎನ್ನುತ್ತಿದ್ದೇನೆ. ಅಮೆರಿಕದಲ್ಲಿ ಹ್ಯಾಮ್ ಸೆಟ್ ಕೊಂಡು ಕೇಳುತ್ತ ಕೂರುವುದು ತಪ್ಪಲ್ಲ. ಪರವಾನಗಿ ಇಲ್ಲದೆ ಗುಂಡಿ ಒತ್ತಿದರೆ ತಪ್ಪು.

ಭದ್ರತೆಯ ಮಾತು ಹಗುರವಾದದ್ದಲ್ಲ, ಅದನ್ನು ನೇರವಾಗಿಯೇ ಎದುರಿಸಬೇಕು. ಕೇಡು ಬಯಸುವವನು ಅಂಗಡಿಯ ಪಟ್ಟಿ ನೋಡಿ ಸೆಟ್ ಕೊಳ್ಳುವುದಿಲ್ಲ, ಗಡಿಯಾಚೆಯಿಂದ ತರುತ್ತಾನೆ. ಅವನನ್ನು ಕಿವಿಯಿಂದ ಹಿಡಿಯಬೇಕೇ ಹೊರತು ಬಿಲ್ಲಿನಿಂದಲ್ಲ. ಆ ಕಿವಿ ಯಾರದು? ಬಾಂಗ್ಲಾ ಗಡಿಯ ಬಸೀರ್‌ಹಾಟ್, ಬೊಂಗಾಂವ್ ಕಡೆಯಿಂದ ಕಳೆದ ವರ್ಷಗಳಲ್ಲಿ ಅನುಮಾನಾಸ್ಪದ ರೇಡಿಯೊ ಮಾತುಕತೆ ಕೇಳಿಬಂದಾಗ ಅದನ್ನು ಗುರುತಿಸಿ ಕೇಂದ್ರಕ್ಕೆ ವರದಿ ಮಾಡಿದವರು ಪಶ್ಚಿಮ ಬಂಗಾಳದ ಹ್ಯಾಮ್‌ಗಳು. ಸಂಬಳವಿಲ್ಲದೆ ರಾತ್ರಿಯೆಲ್ಲ ಬ್ಯಾಂಡ್ ಕೇಳುವವರು ಊರಿಗೊಬ್ಬರಿದ್ದರೆ ಸಾಕು, ಯಾವ ಇಲಾಖೆಗೂ ಅಂಥ ಕಾವಲು ಕಟ್ಟಲಾಗದು. ಹ್ಯಾಮ್ ಗುಟ್ಟಾಗಿ ಮಾತನಾಡುವಂತೆಯೂ ಇಲ್ಲ. ಸಂಕೇತಭಾಷೆ ನಿಷಿದ್ಧ, ಕರೆಸಂಕೇತ ಹೇಳಲೇಬೇಕು, ಹೆಸರು ವಿಳಾಸ ಸರ್ಕಾರದ ಕಡತದಲ್ಲಿರುತ್ತದೆ. ಸೆಟ್ಟುಗಳ ಜಾಹೀರಾತಿನಲ್ಲಿ ಕಾಣುವ ‘ಪ್ರೈವೆಸಿ ಕೋಡ್’ ಎಂಬುದು ಕೂಡ ಬೇರೆಯವರ ಮಾತು ನಿಮ್ಮ ಸ್ಪೀಕರಿಗೆ ಬರದಂತೆ ತಡೆಯುವ ಸಣ್ಣ ಸ್ವರವಷ್ಟೇ. ನಿಮ್ಮ ಮಾತನ್ನು ಅದು ಯಾರಿಂದಲೂ ಮುಚ್ಚಿಡುವುದಿಲ್ಲ. ಅನುಮಾನದಿಂದ ಬಾಗಿಲು ಮುಚ್ಚಿಟ್ಟ ಹಳೆಯ ಉದಾಹರಣೆಯೂ ನಮ್ಮಲ್ಲೇ ಇದೆ. ಅಂಡಮಾನ್‌ನಲ್ಲಿ 1987ರಿಂದ ಹದಿನೇಳು ವರ್ಷ ಹ್ಯಾಮ್ ಪ್ರಸಾರ ಇರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ತಂಡ ಹಟಹಿಡಿದು ಅನುಮತಿ ಪಡೆದು 2004ರ ಡಿಸೆಂಬರ್ ಮೊದಲಿಗೆ ಪೋರ್ಟ್‌ಬ್ಲೇರ್‌ನಿಂದ ಮಾತನಾಡತೊಡಗಿತು. ಆ ತಿಂಗಳ 26ಕ್ಕೆ ಸುನಾಮಿ ಬಂತು, ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿದ ದಾರಿಗಳಲ್ಲಿ ಅದೇ ಕೇಂದ್ರವೂ ಒಂದಾಯಿತು. ಅದು ಕೈಸೆಟ್ಟಿನ ಸಾಧನೆಯಲ್ಲ, ಸಾವಿರಾರು ಕಿಲೋಮೀಟರ್ ಹೋಗುವ ಎಚ್‌ಎಫ್ ತರಂಗಗಳದು. ಅಂಗೈ ಸೆಟ್ಟಿನಿಂದ ಅಂಥ ಪವಾಡ ಬಯಸುವವರು ನಿರಾಶರಾಗುತ್ತಾರೆ. ಆದರೆ ಆ ಕೇಂದ್ರ ನಡೆಸುವವರು ಹುಟ್ಟುವುದು ಎಲ್ಲಿಂದ? ಬಹುತೇಕರ ಮೊದಲ ಮೆಟ್ಟಿಲು ಈಗ ಈ ಅಗ್ಗದ ಸೆಟ್ಟೇ.

ಮೆಟ್ಟಿಲು ಈಗಾಗಲೇ ಇದೆಯಲ್ಲ ಎನ್ನುವವರಿಗೆ ಉತ್ತರಿಸುವುದು ಬಾಕಿ. ಹೌದು, ಹ್ಯಾಮ್ ಪರವಾನಗಿಯಲ್ಲಿ ರಿಸ್ಟ್ರಿಕ್ಟೆಡ್ ಎಂಬ ದರ್ಜೆ ಇದೆ. ಹನ್ನೆರಡು ವರ್ಷ ತುಂಬಿದರೆ ಸಾಕು, ಮೋರ್ಸ್ ಸಂಕೇತದ ಪರೀಕ್ಷೆ ಬೇಡ, ಇಪ್ಪತ್ತು ವರ್ಷಕ್ಕೆ 1,000 ರೂಪಾಯಿ, ಜೀವಮಾನಕ್ಕೆ 2,000. ಕಾಗದದ ಮೇಲೆ ಇದಕ್ಕಿಂತ ಉದಾರ ವ್ಯವಸ್ಥೆ ಹುಡುಕುವುದು ಕಷ್ಟ. ತೊಡಕಿರುವುದು ಶುಲ್ಕದಲ್ಲಲ್ಲ, ಸರದಿಯಲ್ಲಿ. ಅರ್ಜಿ, ಪರೀಕ್ಷೆಯ ದಿನಾಂಕ, ಭದ್ರತಾ ಪರಿಶೀಲನೆ, ಆಮೇಲೆ ಕರೆಸಂಕೇತ, ವಿದೇಶಿ ಸೆಟ್ ತರಿಸುವುದಿದ್ದರೆ ಅದಕ್ಕೆ ಮತ್ತೊಂದು ಅನುಮತಿ. ಈ ಸರದಿಯಲ್ಲಿ ತಿಂಗಳುಗಟ್ಟಲೆ ನಿಲ್ಲಬೇಕಾಗುತ್ತದೆ ಎಂಬುದು ಹ್ಯಾಮ್ ವಲಯದ ಹಳೆಯ ದೂರು. ಇತ್ತ ಆನ್‌ಲೈನ್ ಪೆಟ್ಟಿಗೆ ಎರಡು ದಿನದಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಎರಡು ದಿನದ ದಾರಿಯನ್ನು ಮಾರ್ಗಸೂಚಿ ಮುಚ್ಚಿತು. ಅದಕ್ಕೆ ಬದಲಾಗಿ ಸರದಿ ಚಿಕ್ಕದು ಮಾಡಿತೇ? ಅದು ಗ್ರಾಹಕ ಪ್ರಾಧಿಕಾರದ ಕೆಲಸವಲ್ಲ ಎನ್ನಬಹುದು. ದೂರಸಂಪರ್ಕ ಇಲಾಖೆಯ ಕೆಲಸವಂತೂ ಹೌದು.

ಜರ್ಮನಿ 2024ರ ಜೂನ್‌ನಲ್ಲಿ ‘ಎನ್’ ಎಂಬ ಹೊಸ ಆರಂಭಿಕ ದರ್ಜೆ ತಂದಿತು. 10 ವಾಟ್ ಶಕ್ತಿ, ನಮ್ಮ ಕೈಸೆಟ್ಟುಗಳು ದುಡಿಯುವ ಎರಡು ಬ್ಯಾಂಡ್ ಮತ್ತು 10 ಮೀಟರಿನ ಒಂದು ಬ್ಯಾಂಡ್, ಅದಕ್ಕೆ ತಕ್ಕಷ್ಟು ಹಗುರ ಪರೀಕ್ಷೆ. ನಮಗೂ ಇದರಷ್ಟೇ ಸರಳವಾದದ್ದು ಸಾಕು. 144–146 ಮತ್ತು 434–438ಕ್ಕೆ ಮಾತ್ರ, 5 ವಾಟ್‌ಗೆ ಮಾತ್ರ, ಹೆಚ್ಚಾಗಿ ನಿಯಮಗಳನ್ನೇ ಕೇಳುವ ಒಂದು ಗಂಟೆಯ ಪರೀಕ್ಷೆ. ಅದನ್ನು ವೈರ್‌ಲೆಸ್ ಮಾನಿಟರಿಂಗ್ ಕೇಂದ್ರಗಳಿಗೇ ಕಟ್ಟಿಹಾಕದೆ ಪಾಲಿಟೆಕ್ನಿಕ್ಕುಗಳಲ್ಲೂ ನಡೆಸಬಹುದು. ಪಾಸಾದವನ ಕರೆಸಂಕೇತ ನಮೂದಿಸದೆ ಯಾವ ತಾಣವೂ ಸೆಟ್ ಮಾರಕೂಡದು. ಸಿಮ್ ಕಾರ್ಡಿಗೆ ದಾಖಲೆ ಪರಿಶೀಲಿಸಲು ಬರುವ ವ್ಯವಸ್ಥೆಗೆ ಇದು ಅಸಾಧ್ಯವಲ್ಲ. ಬರೀ ಕೇಳುವವನ ತಂಟೆಗೆ ಯಾರೂ ಹೋಗಬಾರದು. ಪರೀಕ್ಷೆ ಹಗುರವಾದರೆ ಬ್ಯಾಂಡ್ ಹದಗೆಡುತ್ತದೆ ಎಂದು ಹಿರಿಯ ಹ್ಯಾಮ್‌ಗಳು ಗೊಣಗುತ್ತಾರೆ, ಮೋರ್ಸ್ ಕಡ್ಡಾಯ ಎಂಬ ಅಂತರರಾಷ್ಟ್ರೀಯ ನಿಯಮ 2003ರಲ್ಲಿ ಹೋದಾಗಲೂ ಗೊಣಗಿದ್ದರು. ಅವರು ಕಾಯುತ್ತಿರುವ ಆರು ಮೆಗಾಹರ್ಟ್ಜ್‌ನಲ್ಲಿ ಒಂದಷ್ಟು ಹೊಸಬರು ತಡವರಿಸಿದರೆ ಆಗುವ ನಷ್ಟ ಅಲ್ಲಿಯ ಸದ್ದುಗದ್ದಲವಷ್ಟೇ. ಅದೇ ಹೊಸಬರು ಕಲಿಯದೆ, ಹೆಸರಿಲ್ಲದೆ, ಉಳಿದ 152 ಮೆಗಾಹರ್ಟ್ಜ್‌ನಲ್ಲಿ ಅಲೆದರೆ ಆಗುವ ನಷ್ಟವನ್ನು ಮಲ್ಪೆಯ ಬೋಟಿನವರು ಹೊರುತ್ತಾರೆ.