ಪುನರ್ಪುಳಿಯ ಬೀಜವನ್ನು ಎಸೆಯುವ ಮುನ್ನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಪುನರ್ಪುಳಿಯ ಸಿಪ್ಪೆ ಒಣಗಿ ಭರಣಿ ಸೇರುತ್ತದೆ. ಬೀಜ ಹೆಚ್ಚಾಗಿ ಗೊಬ್ಬರದ ಗುಂಡಿ ಸೇರುತ್ತದೆ. ಆ ಬೀಜದ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸ್ಟಿಯರಿಕ್ ಆಮ್ಲ. ಆದುದರಿಂದಲೇ ಅದು ತುಪ್ಪದಂತೆ ಹೆಪ್ಪುಗಟ್ಟುತ್ತದೆ.

ಕೊಬ್ಬಿನಾಮ್ಲ ಬೇಕಾದುದು ಬೀಜಕ್ಕಷ್ಟೇ ಅಲ್ಲ. ಜೀವಕೋಶದ ಪೊರೆ, ಎಲೆಯ ಮೇಲಿನ ಮೇಣ, ಎಷ್ಟೋ ಸಸಿಗಳ ಮೊದಲ ಆಹಾರ ಅದರಿಂದಲೇ ಆಗಬೇಕು. ಅದನ್ನು ಕಟ್ಟುವ ಒಂದು ಜೀನು ಕೆಟ್ಟರೂ ಗಿಡದ ಕೋಶಗಳು ಅಕಾಲದಲ್ಲಿ ಸಾಯುತ್ತವೆಂದು ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದ ಅಧ್ಯಯನ 2000ರಲ್ಲಿ ತೋರಿಸಿತು. 1998ರಲ್ಲಿ ಪುನರ್ಪುಳಿಯ ಬಂಧುವಾದ ಮ್ಯಾಂಗೊಸ್ಟೀನಿನ ಇಂತಹ ಜೀನೊಂದನ್ನು ಅಮೆರಿಕದ ವಿಜ್ಞಾನಿಗಳು ಸಾಸಿವೆ ಕುಲದ ಕೆನೋಲಾಕ್ಕೆ ಸೇರಿಸಿ, ಬೀಜದೆಣ್ಣೆಯ ಸ್ಟಿಯರಿಕ್ ಆಮ್ಲವನ್ನು ಶೇ. 22ರವರೆಗೆ ಏರಿಸಿದರು.

ಪ್ರಯೋಗಶಾಲೆ ಜೀನನ್ನು ಎರವಲು ಪಡೆಯುತ್ತದೆ, ಕಾಪಾಡುವುದು ಮರ. ಕಾಯಿ ಬಿಡದೆಂದು ಗಂಡು ಮರವನ್ನು ಕಡಿದರೆ ಹೆಣ್ಣು ಮರವೂ ಬರಡಾದೀತು. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿ ಊರಿನ ಸಸ್ಯಗಳ ದಾಖಲೆ ಇಡಬೇಕು. ಹಿರಿಯರು ಮರ ತೋರಿಸಲಿ, ವಿದ್ಯಾರ್ಥಿಗಳು ಬರೆದಿಡಲಿ. ಊರು ಅರಿಯದ ಸಂಪತ್ತನ್ನು ಊರು ಉಳಿಸಲಾರದು.